ದಂಡದ ಉದ್ದ, ವ್ರತದ ಮೇರೆ

ಮೀನು ಹಿಡಿಯುವ ಸಣ್ಣ ದೋಣಿಗೆ ಹಾಕುವ ಟ್ರೋಲಿಂಗ್ ಮೋಟರಿನಲ್ಲಿ ಕಣ್ಣಿಗೆ ಕಾಣುವ ಭಾಗ ಮೂರು. ಮೇಲೆ ಹಿಡಿಕೆಯಿರುವ ತಲೆ, ಕೆಳಗೆ ನೀರಿನೊಳಗೆ ಪ್ರೊಪೆಲ್ಲರನ್ನು ತಿರುಗಿಸುವ ಮೋಟರು, ಇವೆರಡನ್ನೂ ಕೂಡಿಸುವ ಉದ್ದನೆಯ ದಂಡ. ಬ್ಯಾಟರಿಯಿಂದ ನಡೆಯುವ ಈ ಯಂತ್ರ ದೋಣಿಯನ್ನು ನಿಧಾನವಾಗಿ, ಸದ್ದಿಲ್ಲದೆ ಒಯ್ಯುತ್ತದೆ, ಮೀನು ಬೆದರುವುದಿಲ್ಲ. 1934ರಲ್ಲಿ ಅಮೆರಿಕದ ಉತ್ತರ ಡಕೋಟಾದ ಫಾರ್ಗೋ ಊರಿನಲ್ಲಿ ಒ. ಜಿ. ಶ್ಮಿಟ್ ರೂಪಿಸಿದ ಮೋಟರೇ ಮುಂದೆ ಮಿನ್ ಕೋಟಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಮೋಟರಿನ ಬಲವನ್ನು. ದಂಡದ ಉದ್ದ ಕೇಳುವವರು ಕಡಿಮೆ. ಆದರೆ ಉದ್ದ ತಪ್ಪಿದರೆ ಎಷ್ಟು ಬಲವಿದ್ದೂ ಫಲವಿಲ್ಲ.

ಅಳತೆಯ ಕ್ರಮ ಸರಳ. ಮೋಟರನ್ನು ಕೂರಿಸುವ ಜಾಗದಿಂದ ನೀರಿನ ಮಟ್ಟಕ್ಕೆ ನೇರವಾಗಿ ಎಷ್ಟು ಅಂಗುಲ ಎಂದು ನೋಡಬೇಕು. ದೋಣಿಯ ಮುಂತುದಿಯಲ್ಲಿ ಕೂರಿಸುವುದಾದರೆ, ಆ ಅಂತರ 10 ಅಂಗುಲದೊಳಗಿದ್ದಾಗ 36 ಅಂಗುಲದ ದಂಡ ಸಾಕು. 10ರಿಂದ 16ಕ್ಕೆ 42, 16ರಿಂದ 22ಕ್ಕೆ 48, 22ರಿಂದ 28ಕ್ಕೆ 54. ಹಿಂಬದಿಯ ಹಲಗೆಗೆ ಬಿಗಿಯುವ ಮೋಟರಿಗೆ ಇದಕ್ಕಿಂತ ಸುಮಾರು 6 ಅಂಗುಲ ಕಡಿಮೆ ಸಾಕಾಗುತ್ತದೆ. ಅಲೆ ಏಳುವ ನೀರಾದರೆ 5–6 ಅಂಗುಲ ಸೇರಿಸಬೇಕು. ಗುರಿ ಒಂದೇ: ಪ್ರೊಪೆಲ್ಲರು ನೀರಿನ ಮೇಲ್ಮೈಯಿಂದ ಒಂದು ಗೇಣಿನಿಂದ ಒಂದು ಅಡಿಯಷ್ಟು ಕೆಳಗಿರಬೇಕು. ದಂಡ ಗಿಡ್ಡವಾದರೆ ದೋಣಿ ಅಲೆಯ ಮೇಲೆ ಎದ್ದಾಗಲೆಲ್ಲ ಪ್ರೊಪೆಲ್ಲರು ಗಾಳಿ ಕುಡಿಯುತ್ತದೆ. ಸದ್ದು ಹೆಚ್ಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ, ಬ್ಯಾಟರಿ ಬರಿದೇ ಖಾಲಿಯಾಗುತ್ತದೆ. ಉದ್ದವಾದರೆ ತಳದ ಕೆಸರನ್ನೂ ಬೇರನ್ನೂ ಕಲಕುತ್ತದೆ, ಮರದ ಮೋಟಿಗೆ ತಗುಲುತ್ತದೆ, ಓಟಕ್ಕೆ ಅಡ್ಡವಾಗಿ ನಡುಗುತ್ತದೆ.

ದಂಡದ ಮೇಲೆ ಒಂದು ಕಾಲರು ಇರುತ್ತದೆ. ಅದನ್ನು ಸಡಿಲಿಸಿ ದಂಡವನ್ನು ಮೇಲಕ್ಕೆಳೆದು ಮತ್ತೆ ಬಿಗಿದರೆ ತೆಳುನೀರಿಗೆ ಬೇಕಾದಷ್ಟೇ ಆಳ ಸಿಗುತ್ತದೆ. ದಂಡದ ಉದ್ದದೊಳಗೆ ಎಷ್ಟು ಬೇಕಾದರೂ ಏರಿಳಿಸಬಹುದು. ಉದ್ದವನ್ನು ಮೀರಿ ಒಂದು ಅಂಗುಲವೂ ಇಳಿಯುವುದಿಲ್ಲ. ಮುಂದೆ ಬರುವ ಮಾತಿಗೆಲ್ಲ ಈ ಸಣ್ಣ ಕಾಲರೇ ಕೀಲಿ.

ಹಾಸನ ಜಿಲ್ಲೆಯ ನೀರಿನ ಮೇಲೆ ಇಂಥ ಮೋಟರಿಗಿಂತ ಬಹಳ ಹಳೆಯದು ಹರಿಗೋಲು. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ಈ ದುಂಡನೆಯ ದೋಣಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ನಡೆಸುವವನು ಮುಂದುಗಡೆ ಕುಳಿತು ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಮುಂತುದಿಗೆ ಕೂರಿಸಿದ ಮೋಟರು ದೋಣಿಯನ್ನು ಎಳೆಯುವುದೂ ಹೀಗೆಯೇ. ಆದರೆ ಹುಟ್ಟಿಗೂ ದಂಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ನೀರು ಆಳವಾದರೆ ಹುಟ್ಟು ಹಿಡಿದ ಕೈ ಮೇಲಕ್ಕೆ ಜಾರುತ್ತದೆ, ತೆಳುವಾದರೆ ಕೆಳಕ್ಕೆ ಬರುತ್ತದೆ. ಹುಟ್ಟಿನ ಅಳತೆ ಎಷ್ಟು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಪ್ರತಿ ಎಳೆತಕ್ಕೂ ಕೈಯೇ ಹೊಸ ಅಳತೆ ಹಿಡಿಯುತ್ತದೆ. ಮೋಟರಿನ ದಂಡಕ್ಕೆ ಆ ಕೈಯಿಲ್ಲ. ಅದರ ಅಳತೆ ನೀರಿಗಿಳಿಯುವ ಮುನ್ನವೇ, ದಡದ ಮೇಲೆ, ಅಂಗಡಿಯಲ್ಲಿ ನಿಶ್ಚಯವಾಗಬೇಕು.

ಇಲ್ಲಿಂದ ಮೇಲಕ್ಕೆ ಇದು ಯಂತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬದುಕಿಗೆ ತಕ್ಕ ಅಳತೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕೋ, ಆಯಾ ಗಳಿಗೆಯಲ್ಲಿ ಕಂಡುಕೊಳ್ಳಬೇಕೋ? ನೇಮವೋ, ಹದವೋ? ಭಾರತದ ಧರ್ಮಚಿಂತನೆಯಲ್ಲಿ ಈ ಪ್ರಶ್ನೆಯನ್ನು ಜೈನ ಆಚಾರ್ಯರಷ್ಟು ಬಿಡಿಸಿ ನೋಡಿದವರು ವಿರಳ. ಅವರ ಬಹುದೊಡ್ಡ ನೆಲೆಗಳಲ್ಲೊಂದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ.

ಮೊದಲು ಅಳತೆ ಎಂದರೇನು ಎಂಬುದನ್ನು ನೋಡಬೇಕು. ಪ್ರಮಾಣ, ಪರಿಮಾಣ, ಅನುಮಾನ, ಉಪಮಾನ, ನಿರ್ಮಾಣ ಇವೆಲ್ಲ ಅಳೆಯುವುದು ಎಂಬ ಅರ್ಥದ 'ಮಾ' ಧಾತುವಿನಿಂದ ಬಂದ ಮಾತುಗಳು. ತಿಳಿಯುವುದು ಎಂದರೆ ಅಳೆಯುವುದು ಎಂಬ ನಂಬಿಕೆ ಆ ಮಾತುಗಳಲ್ಲೇ ಅಡಗಿದೆ. ವೈಶೇಷಿಕರು ಪರಿಮಾಣವನ್ನು ದ್ರವ್ಯದ ಒಂದು ಗುಣವೆಂದು ಎಣಿಸಿದರು. ಅಣು, ಮಹತ್, ಹ್ರಸ್ವ, ದೀರ್ಘ ಎಂದು ಅದರ ಭೇದಗಳನ್ನು ಹೇಳಿದರು. ಆ ಲೆಕ್ಕದಲ್ಲಿ ಉದ್ದವೆಂಬುದು ವಸ್ತುವಿನಲ್ಲಿಯೇ ಇರುವಂಥದು. ಜೈನರ ಅನೇಕಾಂತವಾದ ಇಷ್ಟಕ್ಕೇ ನಿಲ್ಲುವುದಿಲ್ಲ. ಉಂಗುರದ ಬೆರಳು ಉದ್ದವೋ ಗಿಡ್ಡವೋ ಎಂದು ಕೇಳಿದರೆ, ಕಿರುಬೆರಳಿನ ಪಕ್ಕದಲ್ಲಿ ಉದ್ದ, ನಡುಬೆರಳಿನ ಪಕ್ಕದಲ್ಲಿ ಗಿಡ್ಡ ಎಂಬುದೇ ಉತ್ತರ. ಎರಡೂ ನಿಜ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. 42 ಅಂಗುಲದ ದಂಡವೂ ಹಾಗೆಯೇ. ಅಂಚು ತಗ್ಗಿರುವ ದೋಣಿಗೆ ಅದು ಹೆಚ್ಚು, ಎತ್ತರದ ದೋಣಿಗೆ ಕೊರತೆ. ಅಂಗುಲ ಮಾತ್ರ ಎರಡು ಕಡೆಯೂ 42.

ಇದನ್ನು ಕೇಳಿ, ಹಾಗಾದರೆ ಸರಿಯಾದ ಅಳತೆ ಎಂಬುದೇ ಇಲ್ಲ, ಎಲ್ಲವೂ ನೋಡುವವನ ಇಚ್ಛೆ ಎಂದು ತೀರ್ಮಾನಿಸುವವರಿದ್ದಾರೆ. ಅದು ತಪ್ಪು. ಸಾಪೇಕ್ಷವಾದದ್ದು ಅನಿಶ್ಚಿತವಲ್ಲ. ದೋಣಿ ಯಾವುದು, ಅದರಲ್ಲಿ ಎಷ್ಟು ಜನ ಕೂರುತ್ತಾರೆ, ನೀರು ಎಂಥದು ಎಂದು ಗೊತ್ತಾದ ಮೇಲೆ ಸರಿಯಾದ ಉದ್ದ ಅಂಗುಲದ ಲೆಕ್ಕದಲ್ಲಿ ಸಿಗುತ್ತದೆ. ಗ್ರೀಸಿನ ಅರಿಸ್ಟಾಟಲ್ ನಡುವಿನ ಅಳತೆಯ ಬಗ್ಗೆ ಹೇಳುವಾಗ ಇದೇ ಮಾತಿಗೆ ಬರುತ್ತಾನೆ. ಹತ್ತು ಪಾಲು ಅನ್ನ ಹೆಚ್ಚು, ಎರಡು ಪಾಲು ಕಡಿಮೆ ಎಂದ ಮಾತ್ರಕ್ಕೆ ಎಲ್ಲರಿಗೂ ಆರು ಪಾಲು ಸರಿ ಎಂದಾಗದು. ಮೈಲೋ ಎಂಬ ಜಟ್ಟಿಗೆ ಅದು ಸಾಲದು, ಗರಡಿಗೆ ಆಗತಾನೆ ಕಾಲಿಟ್ಟವನಿಗೆ ಜಾಸ್ತಿ. ಲೆಕ್ಕದ ನಡು ಬೇರೆ, ಮನುಷ್ಯನಿಗೆ ತಕ್ಕ ನಡು ಬೇರೆ. ಜಗತ್ತಿನ ಎಲ್ಲ ದೋಣಿಗಳ ಸರಾಸರಿ ತೆಗೆದು ಮಾಡಿದ ದಂಡ ಎಷ್ಟೋ ದೋಣಿಗಳಿಗೆ ಹೊಂದುವುದೇ ಇಲ್ಲ.

ಜೈನ ಗ್ರಂಥಗಳು ಅಂಗುಲದಲ್ಲಿಯೇ ಮೂರು ಬಗೆ ಹೇಳುತ್ತವೆ. ಉತ್ಸೇಧಾಂಗುಲ ಜೀವಿಗಳ ಮೈಯೆತ್ತರ ಅಳೆಯುವುದಕ್ಕೆ. ಅದರ ಐನೂರರಷ್ಟು ದೊಡ್ಡದಾದ ಪ್ರಮಾಣಾಂಗುಲ ದ್ವೀಪ, ಸಮುದ್ರ, ಪರ್ವತಗಳಂಥ ಬದಲಾಗದವನ್ನು ಅಳೆಯುವುದಕ್ಕೆ. ಆತ್ಮಾಂಗುಲವೆಂದರೆ ಆಯಾ ಕಾಲದ ಮನುಷ್ಯನ ಸ್ವಂತ ಬೆರಳು. ಊರು, ಮನೆ, ಪಾತ್ರೆ, ಹಾಸಿಗೆಯಂಥ ಬಳಕೆಯ ವಸ್ತುಗಳನ್ನು ಅಳೆಯಬೇಕಾದುದು ಈ ಕೊನೆಯದರಿಂದ. ಗೇಣು, ಮೊಳ, ಮಾರು ಎಂದು ಅಳೆಯುತ್ತಿದ್ದ ಕನ್ನಡಿಗರ ರೂಢಿಯೂ ಆತ್ಮಾಂಗುಲದ ವಂಶದ್ದೇ. ನಿತ್ಯವಾದದ್ದಕ್ಕೆ ನಿತ್ಯದ ಕೋಲು, ಬಳಸುವವನ ವಸ್ತುವಿಗೆ ಬಳಸುವವನ ಬೆರಳು. ಈ ವಿಂಗಡಣೆಯಲ್ಲಿ ಅಪಾರ ವಿವೇಕವಿದೆ. ನೀತಿಯ ಚರ್ಚೆಯಲ್ಲಿ ಆಗುವ ಗೊಂದಲಗಳು ಎಷ್ಟೋ ಸಲ ಒಂದರ ಕೋಲಿನಿಂದ ಇನ್ನೊಂದನ್ನು ಅಳೆಯಲು ಹೋದಾಗಲೇ ಹುಟ್ಟುವಂಥವು.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು 981ರ ಹೊತ್ತಿಗೆ ನಿಲ್ಲಿಸಿದ ಚಾವುಂಡರಾಯ ಬರಿಯ ಸೇನಾಪತಿಯಲ್ಲ. ಕನ್ನಡ ಗದ್ಯದಲ್ಲಿ ಚಾವುಂಡರಾಯ ಪುರಾಣ ಬರೆದವನು, ಸಂಸ್ಕೃತದಲ್ಲಿ ಗೃಹಸ್ಥರ ಮತ್ತು ಮುನಿಗಳ ಆಚಾರವನ್ನು ಕುರಿತು ಚಾರಿತ್ರಸಾರ ಬರೆದವನು. ಅವನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ತ್ರಿಲೋಕಸಾರ ಲೋಕದ ಅಳತೆಯನ್ನೇ ವಸ್ತುವಾಗಿ ಉಳ್ಳ ಗ್ರಂಥ. ಒಬ್ಬ ಲೋಕವನ್ನು ಅಳೆದ, ಇನ್ನೊಬ್ಬ ನಡತೆಯನ್ನು ಅಳೆದ.

ಮುನಿಗೆ ಮಹಾವ್ರತ, ಮನೆಯಲ್ಲಿರುವವನಿಗೆ ಅಣುವ್ರತ. ಅಣುವ್ರತಗಳು ಐದು: ಅಹಿಂಸೆ, ಸತ್ಯ, ಅಚೌರ್ಯ, ಬ್ರಹ್ಮಚರ್ಯ, ಪರಿಗ್ರಹ ಪರಿಮಾಣ. ಐದನೆಯದರ ಹೆಸರಿನಲ್ಲಿಯೇ ಅಳತೆ ಇದೆ. ಮುನಿಯಂತೆ ಎಲ್ಲವನ್ನೂ ಬಿಡು ಎಂದು ಗೃಹಸ್ಥನಿಗೆ ಹೇಳುವುದಿಲ್ಲ. ಹೊಲ ಎಷ್ಟು, ಮನೆ ಎಷ್ಟು, ಬೆಳ್ಳಿ ಬಂಗಾರ ಎಷ್ಟು, ದನ ಧಾನ್ಯ ಎಷ್ಟು ಎಂದು ನೀನೇ ಒಂದು ಅಂಕೆ ಹಾಕಿಕೋ, ಅದನ್ನು ದಾಟಬೇಡ ಎಂದು ಹೇಳುತ್ತದೆ. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಇದನ್ನೇ ಇಚ್ಛಾಪರಿಮಾಣ ಎಂದೂ ಕರೆಯುತ್ತದೆ. ಆಸೆಯ ಅಳತೆ ಎಂಬ ಈ ಹೆಸರೇ ಹೆಚ್ಚು ಸರಿ. ಹೊಲವನ್ನು ಅಳೆಯುವುದು ಸುಲಭ, ಅದಕ್ಕೆ ಮೋಜಣಿದಾರರಿದ್ದಾರೆ. ಆಸೆಗೆ ಸರಪಳಿ ಹಿಡಿಯುವ ಮೋಜಣಿದಾರ ಒಳಗಿನಿಂದಲೇ ಬರಬೇಕು.

ದಂಡದ ವಿಷಯಕ್ಕೆ ತೀರ ಹತ್ತಿರ ಬರುವುದು ದಿಗ್ವ್ರತ. ತಾನು ಯಾವ ದಿಕ್ಕಿಗೆ ಎಷ್ಟು ದೂರ ಹೋಗುವೆನು ಎಂದು ಬದುಕಿನುದ್ದಕ್ಕೂ ಮೇರೆ ಹಾಕಿಕೊಳ್ಳುವ ವ್ರತ ಇದು. ಮೇರೆಯನ್ನು ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಯೋಜನ ಇಂಥ ಎಲ್ಲರಿಗೂ ಗೊತ್ತಿರುವ ಗುರುತುಗಳಿಂದ ಗೊತ್ತು ಮಾಡಬೇಕು ಎಂದು ಸಮಂತಭದ್ರ ಹೇಳುತ್ತಾನೆ. ಹೊಳೆನರಸೀಪುರದ ಒಬ್ಬ ಗೃಹಸ್ಥ ಈ ವ್ರತ ಹಿಡಿದ ಎಂದುಕೊಂಡರೆ, ಮೂಡಲಿಗೆ ಚನ್ನರಾಯಪಟ್ಟಣದ ಕೆರೆ ಏರಿ, ಬಡಗಲಿಗೆ ಹಾಸನ, ಪಡುವಲಿಗೆ ಸಕಲೇಶಪುರದ ಘಟ್ಟ, ತೆಂಕಲಿಗೆ ಅರಕಲಗೂಡು ಸೀಮೆಯ ಕಾವೇರಿ ಎಂದು ಹೇಳಬಹುದು. ಆ ಮೇರೆಯ ಒಳಗೆ ಅವನು ವ್ಯಾಪಾರ ಮಾಡುತ್ತಾನೆ, ಬೇಸಾಯ ಮಾಡುತ್ತಾನೆ, ಗೊತ್ತಿದ್ದೋ ಗೊತ್ತಿಲ್ಲದೆಯೋ ಸಣ್ಣಪುಟ್ಟ ಜೀವಗಳಿಗೆ ನೋವು ಮಾಡುತ್ತಾನೆ. ಮೇರೆಯ ಆಚೆ ಅವನಿಂದ ಯಾವ ಹಿಂಸೆಯೂ ಇಲ್ಲ, ಯಾವ ಲೋಭವೂ ಇಲ್ಲ. ಆದ್ದರಿಂದ ಮೇರೆಯ ಆಚೆಗೆ ಅವನ ಅಣುವ್ರತವೇ ಮಹಾವ್ರತದಂತೆ ಆಗುತ್ತದೆ ಎಂದು ಗ್ರಂಥ ಹೇಳುತ್ತದೆ. ಘಟ್ಟದ ಕೆಳಗಿನ ಲೋಕಕ್ಕೆ ಹೊಳೆನರಸೀಪುರದ ವ್ಯಾಪಾರಿ ಮುನಿಯೇ. ಸಣ್ಣ ವ್ರತವೊಂದು ಇಷ್ಟು ದೊಡ್ಡ ಪ್ರದೇಶಕ್ಕೆ ಅಭಯ ಕೊಡುವ ಈ ಲೆಕ್ಕ ಆಶ್ಚರ್ಯ ಹುಟ್ಟಿಸುವಂಥದು.

ಜೀವಮಾನಕ್ಕೆಲ್ಲ ಹಾಕಿದ ಈ ಮೇರೆ ದೊಡ್ಡದು. ಆದ್ದರಿಂದ ಅದರೊಳಗೆ ಇನ್ನೊಂದು ವ್ರತ ಇಟ್ಟಿದ್ದಾರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಅದು ದೇಶವ್ರತ. ಸಮಂತಭದ್ರ ಅದನ್ನು ದೇಶಾವಕಾಶಿಕ ಎಂದು ಕರೆದು ಶಿಕ್ಷಾವ್ರತಗಳ ಸಾಲಿಗೆ ಸೇರಿಸಿದ್ದಾನೆ. ದಿಗ್ವ್ರತದ ಮೇರೆಯನ್ನು ಒಂದು ಗೊತ್ತಾದ ಅವಧಿಗೆ ಇನ್ನೂ ಕಿರಿದು ಮಾಡಿಕೊಳ್ಳುವುದು ಇದರ ಕೆಲಸ. ಈ ಪಕ್ಷವೆಲ್ಲ ಊರಿನ ಆಚೆ ಹೋಗುವುದಿಲ್ಲ, ಈ ನಾಲ್ಕು ತಿಂಗಳು ಹೊಳೆ ದಾಟುವುದಿಲ್ಲ, ಇವತ್ತು ಮನೆ ಬಿಟ್ಟು ಹೊಲಕ್ಕೆ ಮಾತ್ರ. ಮನೆ, ಊರು, ಹೊಲ, ನದಿ ಇದರ ಗುರುತುಗಳು. ವರ್ಷ, ಋತು, ತಿಂಗಳು, ಪಕ್ಷ ಇದರ ಅವಧಿಗಳು.

ದಂಡ ಮತ್ತು ಕಾಲರು ಇವೇ. ದಿಗ್ವ್ರತ ದಂಡದ ಉದ್ದ; ದಡದ ಮೇಲೆ, ನೀರಿನ ಸೆಳೆತಕ್ಕೆ ಸಿಗುವ ಮುನ್ನ, ಒಂದೇ ಸಲ ಗೊತ್ತಾಗುತ್ತದೆ. ದೇಶಾವಕಾಶಿಕ ಕಾಲರು, ಅಂದಂದಿನ ನೀರು ನೋಡಿ ಬಿಗಿಯುವುದು, ಸಡಿಲಿಸುವುದು. ಆದರೆ ಸಡಿಲಿಸುವುದಕ್ಕೂ ಒಂದು ಕೊನೆಯಿದೆ. ಕಾಲರು ದಂಡಕ್ಕಿಂತ ಕೆಳಗೆ ಇಳಿಯದು, ದೇಶವ್ರತ ದಿಗ್ವ್ರತವನ್ನು ಹಿಗ್ಗಿಸದು. ನೇಮವೋ ಹದವೋ ಎಂಬ ಪ್ರಶ್ನೆಗೆ ಜೈನ ಆಚಾರ್ಯರ ಉತ್ತರ ಹೀಗೆ ಎರಡು ಮಡಿಕೆಯದು: ಹೊರಗೆ ನೇಮ, ಒಳಗೆ ಹದ. ಮೊದಲೇ ಹಾಕಿದ ಮೇರೆಯಿಲ್ಲದೆ ಗಳಿಗೆಗಳಿಗೆಯ ವಿವೇಕವನ್ನಷ್ಟೇ ನಂಬಿದರೆ, ಆಸೆ ಏಳುವುದೂ ಅದೇ ಗಳಿಗೆಯಲ್ಲಿ. ಅಳೆಯುವ ಕೋಲು ಆಸೆಯ ಕೈಗೇ ಸಿಕ್ಕಿದರೆ ಅಳತೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ಎದುರು ಮಾತು ಕನ್ನಡದಲ್ಲೇ ಇದೆ, ಬಲವಾಗಿಯೂ ಇದೆ. ಹನ್ನೆರಡನೆಯ ಶತಮಾನದ ಶರಣರು ಲೆಕ್ಕದ ವ್ರತಗಳನ್ನು ಅಷ್ಟಾಗಿ ಮೆಚ್ಚಲಿಲ್ಲ. ಕಾಯಕದಿಂದ ಬಂದದ್ದು ಅಂದಂದಿಗೆ ಸಂದರೆ ಸಾಕು ಎಂಬುದು ಅವರ ನಿಲುವು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಮರಳಿ ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಯಾವ ಗುರುವಿನ ಮುಂದೆಯೂ ಅಂಕೆ ಹಾಕಿಕೊಳ್ಳದೆ, ಒಂದು ನೋಟದಲ್ಲಿ ಹೆಚ್ಚನ್ನು ಹೆಚ್ಚೆಂದು ಗುರುತಿಸಿದ ಲಕ್ಕಮ್ಮನ ಕಣ್ಣು ಹುಟ್ಟು ಹಿಡಿದ ಕೈಯಂಥದು. ಇದು ಹದದ ಪಕ್ಷದ ಅತ್ಯುತ್ತಮ ಸಾಕ್ಷಿ. ಆದರೂ ಒಂದು ಮಾತು ಉಳಿಯುತ್ತದೆ. ಅಕ್ಕಿ ಹೆಚ್ಚಾಯಿತೆಂದು ಲಕ್ಕಮ್ಮನಿಗೆ ಗೊತ್ತಾದದ್ದು ದಿನವೂ ಬರುತ್ತಿದ್ದ ಅಳತೆ ಅವಳ ಕೈಗೆ ಗೊತ್ತಿದ್ದುದರಿಂದ. ಅವಳ ಮೇರೆಯನ್ನು ಯಾರೂ ಬರೆದಿರಲಿಲ್ಲ. ಆದರೆ ಅದು ಇರಲಿಲ್ಲ ಎನ್ನುವಂತಿಲ್ಲ. ಮೊರದಲ್ಲಿ ಅಕ್ಕಿಯನ್ನು ಹರಡಿದಾಗ ಅದು ಕಣ್ಣಿಗೆ ಬಿತ್ತು.

ಈಗ ಈ ವಿಷಯದ ಕಠಿಣವಾದ ಭಾಗಕ್ಕೆ ಬರಬೇಕು. ದಂಡದ ಉದ್ದ ಸರಿಹೋದರೆ ಹೆಚ್ಚು ಮೀನು ಬಲೆಗೆ ಬೀಳುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದ ದರ್ಶನದಿಂದ ಮೀನುದೋಣಿಯ ಅಳತೆಗೆ ಬೆಳಕು ಹುಡುಕುವುದು ಸರಿಯೇ? ಜೈನ ಆಚಾರಶಾಸ್ತ್ರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಗುಡಿಸುವಿಕೆಯಂಥ ಮನೆಗೆಲಸದಲ್ಲಿ ಆಗುವ ಆರಂಭೀ, ಬೇಸಾಯದಂಥ ಉದ್ಯೋಗದಲ್ಲಿ ಆಗುವ ಉದ್ಯೋಗೀ, ತನ್ನನ್ನು ಕಾಪಾಡಿಕೊಳ್ಳುವಾಗ ಆಗುವ ವಿರೋಧೀ. ಗೃಹಸ್ಥ ಪೂರ್ತಿಯಾಗಿ ಬಿಡಲೇಬೇಕಾದುದು ಮೊದಲನೆಯದನ್ನು. ಬಲೆ ಬೀಸುವುದು ಆ ಮೊದಲನೆಯ ಸಾಲಿಗೇ ಸೇರುತ್ತದೆ. ಹಾಗಿದ್ದರೆ ಹೇಮಾವತಿಯ ದಂಡೆಯ ಬೆಸ್ತರಿಗೆ ಈ ಧರ್ಮದಲ್ಲಿ ಬಾಗಿಲೇ ಇಲ್ಲವೆಂದಾಗುತ್ತದೆ.

ಇದೆ ಎಂದು ತೋರಿಸುವ ಕಥೆ ಜೈನರಲ್ಲಿಯೇ ಇದೆ. ಪಂಪನಿಗೆ ಆಶ್ರಯ ಕೊಟ್ಟ ವೇಮುಲವಾಡದ ಚಾಲುಕ್ಯರ ಮನೆತನದ ನೆರಳಿನಲ್ಲಿ ಸೋಮದೇವಸೂರಿ 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿ, ಅಹಿಂಸಾವ್ರತದ ಫಲ ಹೇಳುವ ಕಡೆ, ಮೃಗಸೇನನೆಂಬ ಬೆಸ್ತ ಬರುತ್ತಾನೆ. ಅವಂತಿ ನಾಡಿನವನು. ಬಲೆ ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೊರಟವನಿಗೆ ದಾರಿಯಲ್ಲಿ ಒಬ್ಬ ಮುನಿ ಕಾಣುತ್ತಾರೆ. ಅವನು ನಮಸ್ಕರಿಸಿ ತನಗೂ ಒಂದು ವ್ರತ ಕೊಡಿ ಎನ್ನುತ್ತಾನೆ. ಮೀನು ಹಿಡಿಯುವುದನ್ನು ಬಿಡು ಎಂದು ಮುನಿ ಹೇಳಲಿಲ್ಲ. ಇವತ್ತು ನಿನ್ನ ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲಬೇಡ, ಅಷ್ಟು ಸಾಕು ಎಂದರು.

ಮೃಗಸೇನ ಬಲೆ ಬೀಸಿದ. ಒಂದು ದೊಡ್ಡ ಮೀನು ಬಿತ್ತು. ಮತ್ತೆ ಸಿಕ್ಕರೆ ಗುರುತು ಸಿಗಲೆಂದು ತನ್ನ ಬಟ್ಟೆಯ ಒಂದು ಚೂರು ಹರಿದು ಅದಕ್ಕೆ ಕಟ್ಟಿ ನೀರಿಗೆ ಬಿಟ್ಟ. ಇನ್ನೊಂದು ಕಡೆ ಹೋಗಿ ಬಲೆ ಹಾಕಿದ. ಬಟ್ಟೆಯ ಚೂರು ಕಟ್ಟಿಕೊಂಡ ಅದೇ ಮೀನು. ಬಿಟ್ಟ. ಹೀಗೆ ಐದು ಸಲ. ಹೊತ್ತು ಮುಳುಗಿತು, ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಸಿಟ್ಟಾಗಿ ಬಾಗಿಲು ಹಾಕಿಕೊಂಡಳು. ಹೊರಗೆ ಮಲಗಿದವನನ್ನು ಆ ರಾತ್ರಿ ಹಾವು ಕಚ್ಚಿತು. ಮುಂದಿನ ಜನ್ಮದಲ್ಲಿ ಧನಕೀರ್ತಿಯೆಂಬ ಹೆಸರಿನಿಂದ ಹುಟ್ಟಿ ಐದು ಸಲ ಸಾವಿನ ಬಾಯಿಂದ ಪಾರಾದ.

ಈ ಕಥೆಯಲ್ಲಿ ಜನ್ಮಾಂತರದ ಫಲಕ್ಕಿಂತ ಮುನಿಯ ಅಳತೆ ದೊಡ್ಡದು. ಅವರು ಮಹಾವ್ರತದ ಕೋಲನ್ನು ತಂದು ಬೆಸ್ತನ ದೋಣಿಗೆ ಬಿಗಿಯಲಿಲ್ಲ. ಅಷ್ಟು ಉದ್ದದ ದಂಡ ಆ ದೋಣಿಗೆ ಹಾಕಿದ್ದರೆ ತಳಕ್ಕೆ ತಗುಲಿ ಮುರಿಯುತ್ತಿತ್ತು. ಮರುದಿನವೇ ಅವನು ವ್ರತವನ್ನೂ ಮುನಿಯನ್ನೂ ಬಿಟ್ಟು ಹೊಳೆಗೆ ಹೋಗುತ್ತಿದ್ದ. ಹಾಗೆಂದು ತೀರ ಗಿಡ್ಡದ್ದನ್ನೂ ಕೊಡಲಿಲ್ಲ. ಮೀನಿಗೆ ಕೈ ಮುಗಿದು ಕೊಲ್ಲು ಎಂದೋ, ಹಬ್ಬದ ದಿನ ಬಿಡು ಎಂದೋ ಹೇಳಿದ್ದರೆ ಅದು ನೀರಿನ ಮೇಲೆ ತಿರುಗುವ ಪ್ರೊಪೆಲ್ಲರಿನಂತೆ ಸದ್ದಾಗುತ್ತಿತ್ತೇ ಹೊರತು ಅವನನ್ನು ಒಂದು ಮಾರೂ ಮುಂದಕ್ಕೆ ಒಯ್ಯುತ್ತಿರಲಿಲ್ಲ. ಒಂದು ಮೀನು, ಮೊದಲನೆಯದು, ಕೊಲ್ಲಬಾರದು: ಇದು ಮೃಗಸೇನನ ಕೈಗೆ ಎಟುಕುವ ಅಳತೆ, ಆದರೂ ಅವನ ಕೈಯನ್ನು ತಡೆಯುವ ಅಳತೆ.

ಇನ್ನೂ ಸೂಕ್ಷ್ಮವಾದದ್ದು ಆ ಬಟ್ಟೆಯ ಚೂರು. ಎರಡನೆಯ ಸಲ ಬಲೆಗೆ ಬಿದ್ದದ್ದು ಲೆಕ್ಕಕ್ಕೆ ಎರಡನೆಯ ಮೀನು. ವ್ರತದ ಮಾತನ್ನಷ್ಟೇ ಹಿಡಿದು ಅವನು ಅದನ್ನು ಬುಟ್ಟಿಗೆ ಹಾಕಿಕೊಂಡಿದ್ದರೆ ತಪ್ಪೆನ್ನಲು ಯಾರೂ ಇರಲಿಲ್ಲ. ಮೊದಲ ಮೀನು ಎಂಬುದು ಎಣಿಕೆಯಲ್ಲ, ತಾನು ಅಭಯ ಕೊಟ್ಟ ಒಂದು ಜೀವ ಎಂದು ಅವನು ತಿಳಿದ. ಮುನಿ ಕೊಟ್ಟದ್ದು ಹೊರಗಿನ ಮೇರೆ. ಅದರೊಳಗೆ ಐದು ಸಲ ಕಾಲರು ಬಿಗಿದವನು ಬೆಸ್ತನೇ.

ಮೇರೆಗೂ ಮೀನಿಗೂ ಇರುವ ನಂಟು ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಇಂದಿಗೂ ಕಣ್ಣೆದುರಿಗಿದೆ. ಕಾವೇರಿಯ ದಂಡೆಯ ರಾಮೇಶ್ವರ ದೇವಾಲಯದ ಬಳಿ, ವಹ್ನಿ ಪುಷ್ಕರಿಣಿ ಎಂದು ಹೆಸರಾದ ಮಡುವಿನಲ್ಲಿ, ಮೀನು ಹಿಡಿಯುವಂತಿಲ್ಲ, ಅದು ಮತ್ಸ್ಯಧಾಮ. ಮೆಟ್ಟಿಲ ಮೇಲೆ ಕೂತ ಮಕ್ಕಳು ಪುರಿ ಎರಚಿದರೆ ಕಪ್ಪು ಬೆನ್ನಿನ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ, ನೀರು ಕುದಿದಂತೆ ಕಾಣುತ್ತದೆ. ಹೊಳೆಯಲ್ಲಿ ಕೆಳಗೆ ಹೋದರೆ ಅದೇ ಜಾತಿಯ ಮೀನು ಬಲೆಗೆ ಬೀಳಬಹುದು. ನೀರಿನಲ್ಲಿ ಗೆರೆಯಿಲ್ಲ, ಮೀನಿಗೆ ಮೇರೆ ಗೊತ್ತಿಲ್ಲ. ಗೆರೆ ಇರುವುದು ಮನುಷ್ಯನ ಕೈಯಲ್ಲಿ ಮಾತ್ರ. ಹಾಗಾದರೆ ಇಲ್ಲಿ ಕಾಪಾಡಿ ಅಲ್ಲಿ ಕೊಲ್ಲುವುದು ಆತ್ಮವಂಚನೆಯೇ ಎಂದು ಕೇಳುವವರುಂಟು. ದೇಶವ್ರತದ ನೆಲೆಯಿಂದ ನೋಡಿದರೆ ಅಲ್ಲ. ಒಂದು ಮಡುವಿನಷ್ಟು ಜಾಗದಲ್ಲಿ ಮನುಷ್ಯ ಮೀನಿನ ಪಾಲಿಗೆ ಮುನಿಯಾಗಿದ್ದಾನೆ. ಅಷ್ಟೂ ಆಗದೆ ಇರುವುದಕ್ಕಿಂತ ಅದು ದೊಡ್ಡದು.

ಆದರೆ ಇಂಥ ಮೇರೆ ಹೇಗೆ ಕೆಡುತ್ತದೆ ಎಂಬುದನ್ನೂ ಆಚಾರ್ಯರು ಬಿಡಿಸಿ ಹೇಳಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದೇಶವ್ರತಕ್ಕೆ ಐದು ಅತಿಚಾರಗಳಿವೆ: ಮೇರೆಯ ಆಚೆಯಿಂದ ವಸ್ತು ತರಿಸಿಕೊಳ್ಳುವುದು, ಆಚೆಗೆ ಆಳನ್ನು ಕಳಿಸುವುದು, ಕೆಮ್ಮಿಯೋ ಕೂಗಿಯೋ ಆಚೆಯವರನ್ನು ಕರೆಯುವುದು, ಮೈ ತೋರಿಸಿ ಸನ್ನೆ ಮಾಡುವುದು, ಕಲ್ಲು ಹೆಂಟೆ ಎಸೆದು ಗಮನ ಸೆಳೆಯುವುದು. ಕಾಲು ಗೆರೆಯ ಒಳಗೇ ಇದೆ, ಕೆಲಸ ಮಾತ್ರ ಹೊರಗೆ ಆಗುತ್ತಿದೆ. ಮತ್ಸ್ಯಧಾಮದ ಮೇರೆಯ ಆಚೆ ನಿಂತು ಪುರಿ ಎರಚಿ, ಮೀನು ತಾನಾಗಿ ಹೊರಗೆ ಬಂದಿತೆಂದು ಬಲೆ ಬೀಸಿದರೆ ಅದೂ ಇದೇ ಪಟ್ಟಿಗೆ ಸೇರುತ್ತದೆ. ಕಾನೂನು ಮುರಿದಿಲ್ಲ, ವ್ರತ ಮುರಿದಿದೆ.

ದಿಗ್ವ್ರತದ ಅತಿಚಾರಗಳೂ ಐದು. ಮೇಲಕ್ಕೆ ದಾಟುವುದು, ಕೆಳಕ್ಕೆ ದಾಟುವುದು, ಅಡ್ಡಲಾಗಿ ದಾಟುವುದು ಮೊದಲ ಮೂರು. ನಾಲ್ಕನೆಯದು ಕ್ಷೇತ್ರವೃದ್ಧಿ. ಮೇಲೆ ಹೇಳಿದ ಹೊಳೆನರಸೀಪುರದ ವ್ಯಾಪಾರಿಗೆ ಘಟ್ಟದ ಕಡೆ ವ್ಯವಹಾರ ಕುದುರದೆ ಮೈಸೂರಿನ ಕಡೆ ಕುದುರಿತು. ಪಡುವಲಿನ ಇಪ್ಪತ್ತು ಮೈಲಿ ಬಿಟ್ಟುಕೊಟ್ಟು ತೆಂಕಲಿಗೆ ಇಪ್ಪತ್ತು ಮೈಲಿ ಸೇರಿಸಿಕೊಂಡ. ಮೊತ್ತ ಅಷ್ಟೇ ಉಳಿಯಿತು, ವ್ರತ ಉಳಿಯಲಿಲ್ಲ. ಐದನೆಯದು ಎಲ್ಲಕ್ಕಿಂತ ಸೂಕ್ಷ್ಮ, ಸ್ಮೃತ್ಯಂತರಾಧಾನ: ಹಾಕಿಕೊಂಡ ಮೇರೆಯನ್ನೇ ಮರೆಯುವುದು. ದಾಟದಿದ್ದರೂ ಮರೆತರೆ ಅದು ದೋಷ. ಏಕೆಂದರೆ ಮರೆತವನು ಮೇರೆಯೊಳಗೆ ಉಳಿದದ್ದು ಆಕಸ್ಮಿಕ, ವ್ರತವಲ್ಲ.

ಇವುಗಳ ಪಕ್ಕದಲ್ಲಿ ಬರುವ ಅನರ್ಥದಂಡ ವಿರತಿಯನ್ನೂ ಇಲ್ಲಿ ಹೇಳಬೇಕು. ಅಲ್ಲಿ ದಂಡವೆಂದರೆ ಪೀಡೆ; ಪ್ರಯೋಜನವಿಲ್ಲದೆ ಮಾಡುವ ಪೀಡೆಯನ್ನು ಬಿಡುವುದು ಆ ವ್ರತ. ಸುಮ್ಮನೆ ನೆಲ ಅಗೆಯುವುದು, ನೀರು ಕಲಕುವುದು, ಗಿಡ ಮುರಿಯುವುದು ಅದರಲ್ಲಿ ಪ್ರಮಾದಚರ್ಯೆ ಎಂಬ ವಿಭಾಗಕ್ಕೆ ಬರುತ್ತವೆ. ಬೇಕಾದದ್ದಕ್ಕಿಂತ ಅರ್ಧ ಮೊಳ ಉದ್ದವಾದ ದಂಡ ಕೆರೆಯ ತಳದ ಕೆಸರನ್ನೂ ಬೇರನ್ನೂ ಮೀನಿನ ಮೊಟ್ಟೆಯನ್ನೂ ಕಲಕುವುದು ಇದೇ ಬಗೆಯದು. ಮೀನು ಹಿಡಿಯುವವನ ಹೊಟ್ಟೆಪಾಡಿಗೆ ಅರ್ಥವಿದೆ. ಆ ಹೆಚ್ಚಿನ ಅರ್ಧ ಮೊಳಕ್ಕೆ ಇಲ್ಲ.

ಮರೆಯುವುದು ಹೇಗೆ ಎಂಬುದಕ್ಕೆ ಗೊರೂರಿನ ಹಿನ್ನೀರಿನಷ್ಟು ಒಳ್ಳೆಯ ಪಾಠ ಬೇರಿಲ್ಲ. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಪೂರ್ಣಮಟ್ಟ 2922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಮಳೆಗಾಲದಲ್ಲಿ ತುಂಬಿದ ನೀರು ಬೇಸಗೆಗೆ ಬಹಳ ಕೆಳಗೆ ಇಳಿಯುತ್ತದೆ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ ಶೆಟ್ಟಿಹಳ್ಳಿಯ ಚರ್ಚು ಒಂದು ಕಾಲದಲ್ಲಿ ಅರ್ಧ ಮುಳುಗಿ ಕಮಾನುಗಳು ಮಾತ್ರ ನೀರಿನ ಮೇಲೆ ನಿಂತಿರುತ್ತವೆ; ಇನ್ನೊಂದು ಕಾಲದಲ್ಲಿ ಅದರ ಬುಡದವರೆಗೆ ಒಣನೆಲದ ಮೇಲೆ ನಡೆದು ಹೋಗಬಹುದು. ಮುಳುಗಿದ ಊರುಗಳ ಗೋಡೆ, ಬದು, ಮರದ ಮೋಟು ಎಲ್ಲ ನೀರಿನ ಕೆಳಗೇ ಇವೆ. ಆಗಸ್ಟಿನಲ್ಲಿ ಆಳದ ಮೇಲೆ ನಿಶ್ಚಿಂತೆಯಾಗಿ ಹೋದ ದಾರಿಯಲ್ಲೇ ಏಪ್ರಿಲಿನಲ್ಲಿ ಗೋಡೆಯ ತಲೆ ಗೇಣು ಕೆಳಗಿರುತ್ತದೆ. ದಂಡ ಅದೇ, ದೋಣಿ ಅದೇ, ನೀರು ಬೇರೆ. ಕಾಲರನ್ನು ಮೇಲಕ್ಕೆ ಬಿಗಿಯಲು ಮರೆತರೆ ಪ್ರೊಪೆಲ್ಲರಿನ ಅಲಗು ಕಲ್ಲಿಗೆ ಬಡಿದ ಮೇಲೆಯೇ ನೆನಪಾಗುವುದು.

ಅಳತೆ ಹಿಡಿಯುವಾಗಲೂ ಒಂದು ಮರೆವು ಸಾಮಾನ್ಯ. ದಡಕ್ಕೆ ಕಟ್ಟಿದ ಖಾಲಿ ದೋಣಿಯನ್ನು ಅಳೆಯುತ್ತಾರೆ. ಖಾಲಿ ದೋಣಿ ಎತ್ತರದಲ್ಲಿ ತೇಲುತ್ತದೆ. ಇಬ್ಬರು ಕೂತು, ಬ್ಯಾಟರಿ ಇಟ್ಟು, ಬಲೆ ಬುಟ್ಟಿ ತುಂಬಿದ ಮೇಲೆ ಅದು ಕೆಲವು ಅಂಗುಲ ಇಳಿಯುತ್ತದೆ. ಮುಂದೆ ಒಬ್ಬ ಎದ್ದು ನಿಂತರೆ ಹಿಂಭಾಗ ಮೇಲೇಳುತ್ತದೆ, ಹಿಂದೆ ಹೋದರೆ ಮುಂತುದಿ. ವ್ರತ ಹಿಡಿಯುವವನೂ ಮನಸ್ಸು ಹಗುರವಾಗಿದ್ದ ಹಬ್ಬದ ದಿನದ ಲೆಕ್ಕ ಹಿಡಿದರೆ ಇದೇ ತಪ್ಪಾಗುತ್ತದೆ. ಸಾಲ, ಮಕ್ಕಳ ಮದುವೆ, ಬರಗಾಲ ಎಲ್ಲ ಹೊತ್ತ ದಿನದ ಮಟ್ಟ ಬೇರೆ. ಆದ್ದರಿಂದ ದೋಣಿಯಲ್ಲಿ ಎಂದಿನಷ್ಟು ಜನ ಕೂತು, ಎಂದಿನ ಸಾಮಾನು ಇಟ್ಟು, ಮೋಟರು ಕೂರುವ ಜಾಗದಿಂದ ದಾರವೊಂದನ್ನು ನೀರಿಗೆ ಇಳಿಬಿಟ್ಟು, ನೀರು ತಾಗಿದ ಕಡೆ ಗಂಟು ಹಾಕಿ, ಆ ಗಂಟಿನಿಂದ ಕೆಳಗೆ ಅಲೆಗೆಂದು ಇನ್ನೊಂದು ಗೇಣು ಬಿಟ್ಟು ಎರಡನೆಯ ಗಂಟು ಹಾಕಬೇಕು. ಅಂಗಡಿಗೆ ಒಯ್ಯಬೇಕಾದುದು ಆ ದಾರವನ್ನು.